ಎಲ್ಲರಿಗೂ ಒಂದೇ ಚೀಲ ಕೊಟ್ಟವರು

ಮೊದಲಿಗೆ ಒಂದು ಮನವಿ. ನಾನು ಲೇಖಕಿಯಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಅರ್ಜಿಯಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಬರೆಯುವ ಕೆಲಸ ಯಾವುದು ಬಂದರೂ ಅದು ನನ್ನ ಪಾಲಿಗೇ ಬರುತ್ತದೆ. ಆ ಅನುಭವವೊಂದನ್ನೇ ನಂಬಿ ಈ ನಾಲ್ಕು ಮಾತು ಬರೆಯಲು ಕುಳಿತಿದ್ದೇನೆ. ವಾಕ್ಯಗಳಲ್ಲಿ ದೋಷವಿದ್ದರೆ, ಘಟನೆಗಳು ಹಿಂದುಮುಂದಾಗಿದ್ದರೆ, ತೀರಿಕೊಂಡ ಹಿರಿಯರೊಬ್ಬರ ಬಗ್ಗೆ ಆಡಬಾರದ ಮಾತು ಆಡಿದ್ದರೆ ಓದುಗರು ಕ್ಷಮಿಸಬೇಕು. ಮೊದಲಿನ ಎರಡು ದೋಷಗಳು ಆಗದಂತೆ ಎಚ್ಚರ ವಹಿಸುತ್ತೇನೆ. ಮೂರನೆಯದು ಖಂಡಿತವಾಗಿ ಆಗುತ್ತದೆ.

ನಾನು ಹೇಳಹೊರಟಿರುವುದು ಹೊನ್ನಾಳಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ನಮ್ಮ ಸರ್ ಬಗ್ಗೆ. ಅವರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಸಂತಾಪ ಸಭೆ ಏರ್ಪಡಿಸಿದ್ದರು. ಮಾತನಾಡಿದವರೆಲ್ಲರೂ ಅವರನ್ನು ಸರಳ ಸಜ್ಜನರು, ಮಿತಭಾಷಿಗಳು, ಸಮಯಪಾಲನೆಗೆ ಹೆಸರಾದವರು ಎಂದು ಬಣ್ಣಿಸಿದರು. ನಾನು ಕೈಮುಗಿದು ಕುಳಿತಿದ್ದೆನಾದರೂ, ಬೇರೆ ಯಾರದೋ ಸಭೆಗೆ ಬಂದು ಕುಳಿತೆನೇನೋ ಎಂಬ ಸಂಶಯ ನನ್ನನ್ನು ಬಿಡಲಿಲ್ಲ. ಸರ್ ಸರಳರಾಗಿರಲಿಲ್ಲ, ತಲೆಗೂ ಮೀಸೆಗೂ ಬೇರೆ ಬೇರೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಮಿತಭಾಷಿಗಳಂತೂ ಅಲ್ಲವೇ ಅಲ್ಲ. ಸಮಯಪಾಲನೆಯ ವಿಷಯದಲ್ಲಿ, ಬೆಳಗಿನ ತರಗತಿಗೆ ಅವರು ಬರುವಷ್ಟರಲ್ಲಿ ಮಧ್ಯಾಹ್ನದ ತಂಡದವರು ಬಂದು ಕುಳಿತಿರುತ್ತಿದ್ದರು. ಸಭೆಯಲ್ಲಿ ಹೇಳಿದ ಯಾವುದೂ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸತ್ತವರ ಬಗ್ಗೆ ಯಾರಿಗೂ ಏನೂ ತೋಚದಿದ್ದಾಗ ತಾನಾಗಿಯೇ ಬಂದು ಕೂರುವ ಮಾತುಗಳು ಅವು. ಅಂಥ ಮಾತುಗಳಿಗೆ ಏನೆನ್ನುತ್ತಾರೆಂದು ನನಗೆ ಕಲಿಸಿದವರೇ ಸರ್.

ಡೀಫಾಲ್ಟ್ ವ್ಯಾಲ್ಯೂ ಎನ್ನುತ್ತಾರೆ. ನಾನು ಮೊದಲ ದಿನ ಭಯಭಕ್ತಿಯಿಂದ ಅದರ ಪಕ್ಕದಲ್ಲಿ 'ಪೂರ್ವನಿಯೋಜಿತ ಮೌಲ್ಯ' ಎಂದು ಕನ್ನಡದಲ್ಲಿ ಬರೆದುಕೊಂಡಿದ್ದೆ. ಸರ್ ಬಗ್ಗಿ ನೋಡಿದರು.

"ಪೂರ್ವನಿಯೋಜಿತ ಅಂದ್ರೆ ಕೊಲೆ ಕೇಸ್ ಇದ್ದಂಗೈತಲ್ಲವ್ವಾ. ಡೀಫಾಲ್ಟ್ ಅಂತಾನೇ ಅನ್ನು. ಯಾರೂ ಜೈಲಿಗೆ ಹೋಗಲ್ಲ."

ಅವರ ಮನೆ ಚನ್ನಗಿರಿಯಲ್ಲಿತ್ತು. ತಂದೆಯವರು ತಗಡಿನ ಟ್ರಂಕು ಮಾಡುತ್ತಿದ್ದರಂತೆ. ಟ್ರಂಕುಗಳನ್ನು ಕೇಳುವವರು ಇಲ್ಲವಾದ ಮೇಲೆ ಮಗ ಕಂಪ್ಯೂಟರ್ ಕಲಿತು, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದರು. ವಾರದಲ್ಲಿ ಒಂದು ದಿನ ನ್ಯಾಮತಿಗೂ, ಒಂದು ದಿನ ಎರಡು ಬಸ್ಸು ಬದಲಿಸಿ ಜಗಳೂರಿಗೂ ಹೋಗಿ ಪಾಠ ಹೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ನಿದ್ದೆ ಮಾಡುವುದು ಅವರ ಹಕ್ಕಾಗಿತ್ತು. ಎಚ್ಚರವಾದ ಮೇಲೆ ಆ ಪಕ್ಕದವರಿಗೇ, "ಸರಿಯಾಗಿ ಕೂರ್ರಿ, ಕುತ್ತಿಗೆ ನೋವು ಬಂತು" ಎನ್ನುತ್ತಿದ್ದರು. ಶುಕ್ರವಾರ ಮಸೀದಿಗೆ ಹೋಗಿ ಬಂದ ಮೇಲೆ ಅರ್ಧ ಗಂಟೆಯಷ್ಟು ಹೊತ್ತು ಯಾರನ್ನೂ ಬೈಯದೆ ಪಾಠ ಮಾಡುತ್ತಿದ್ದರು. ಕಷ್ಟದ ಪ್ರಶ್ನೆಗಳನ್ನು ನಾವು ಆ ಅರ್ಧ ಗಂಟೆಗಾಗಿ ಕಾಯ್ದಿರಿಸುತ್ತಿದ್ದೆವು.

ಡೇಟಾ ಕ್ಲಾಸ್ ಎಂಬ ಪಾಠವನ್ನು ಅವರು ಎಲ್ಲ ಊರುಗಳಲ್ಲಿಯೂ ಇಡ್ಲಿಯಿಂದಲೇ ಪ್ರಾರಂಭಿಸುತ್ತಿದ್ದರು. ಒಂದೇ ನಮೂನೆಯ ಮಾಹಿತಿಯನ್ನು ಅನೇಕರ ಬಗ್ಗೆ ಇಡಬೇಕಾದಾಗ, ಹೆಸರು, ವಯಸ್ಸು, ಊರು ಎಂದು ಗುಳಿಗಳಿರುವ ಒಂದು ತಟ್ಟೆ ಮಾಡಿಕೊಳ್ಳುತ್ತೇವೆ. ಅದೇ ಡೇಟಾ ಕ್ಲಾಸ್. ಯಾವುದಾದರೂ ಗುಳಿಗೆ ನಾವು ಹಿಟ್ಟು ಹಾಕದಿದ್ದರೆ ಅದು ತಾನೇ ಹಾಕಿಕೊಳ್ಳುವ ಹಿಟ್ಟು ಡೀಫಾಲ್ಟ್.

"ಕೆಳಗಿನ ಕ್ಯಾಂಟೀನಿಗೆ ಹೋಗಿ ಒಂದು ಟೀ ಅನ್ರಿ. ಸಕ್ಕರೆ ಹಾಕು ಅಂದ್ರಾ? ಇಲ್ಲ. ಹಾಕಿರ್ತಾನೋ ಇಲ್ವೋ? ನೀವು ಬಾಯಿ ಬಿಡದಿದ್ರೆ ಅವನು ಸಕ್ಕರೆ ಹಾಕ್ತಾನೆ. ಅಷ್ಟೇ ಪಾಠ. ಈಗ ಯಾರಾದ್ರೂ ಹೋಗಿ ನಂಗೊಂದು ಟೀ ಹೇಳಿ ಬರ್ರಿ."

ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಸಕ್ಕರೆ ಬೇಡವೆಂದು ಹೇಳಿಕೊಂಡು ಟೀ ಕುಡಿಯಬೇಕೆಂದು ಅವರ ಬೇಗಂ ಚನ್ನಗಿರಿಯಿಂದಲೇ ನಮಗೆಲ್ಲ ಫೋನಿನಲ್ಲಿ ತಾಕೀತು ಮಾಡಿದ್ದರು. ನಾವು ನೆನಪಿಸಿದರೆ ಸರ್ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. "ನಾನು ಸಕ್ಕರೆ ಕೇಳಿದೆನೇನವ್ವಾ? ಅವನೇ ಹಾಕಿದ. ತಪ್ಪು ಯಾರದು?" ಡೀಫಾಲ್ಟನ್ನು ಇಷ್ಟು ಆಳವಾಗಿ ಅರ್ಥ ಮಾಡಿಕೊಂಡು, ಇಷ್ಟು ನಿರ್ಲಜ್ಜವಾಗಿ ಬಳಸಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕೊನೆಗೆ ಅವರನ್ನು ಕರೆದುಕೊಂಡು ಹೋದದ್ದೂ ಅದೇ ಕಾಯಿಲೆ.

ಬಿಸಿಎ ಮುಗಿಸಿದ ಮೇಲೆ ನಾನು ಅವರಲ್ಲಿಯೇ ಸಹಾಯಕಿಯಾಗಿ ಸೇರಿದೆ. ನಮ್ಮದು ಸಾಸ್ವೆಹಳ್ಳಿ. ಅಪ್ಪನಿಗೆ ನಾಲ್ಕು ಚಕ್ರದ ಚಿಕ್ಕ ಲಗೇಜ್ ಗಾಡಿಯೊಂದಿತ್ತು. ಸೊಂಟದ ನೋವಿನಿಂದ ಅವರು ಸ್ಟೇರಿಂಗ್ ಹಿಡಿಯುವುದು ಅಸಾಧ್ಯವಾದಾಗ ಅಕ್ಕ ಹಿಡಿದಳು. ತರಕಾರಿ, ಜೋಳದ ಮೂಟೆ, ಶಾಮಿಯಾನದ ಕುರ್ಚಿ, ಒಮ್ಮೆ ಒಂದು ಎಮ್ಮೆ ಎಲ್ಲವನ್ನೂ ಅವಳು ಹೊನ್ನಾಳಿಯವರೆಗೆ ಸಾಗಿಸಿದ್ದಾಳೆ. ಎದುರಿಗೆ ಬಂದ ಲಾರಿಯವರು ದಾರಿ ಬಿಡದಿದ್ದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲು ನನ್ನ ವಿದ್ಯಾಭ್ಯಾಸ ಒಪ್ಪುವುದಿಲ್ಲ. ನನ್ನ ಕಾಲೇಜಿನ ಶುಲ್ಕ ಆ ಗಾಡಿಯಿಂದಲೇ ಬಂದದ್ದು.

ಸರ್ ಪಾಠದ ಜೊತೆಗೆ ಸಣ್ಣಪುಟ್ಟ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಅವುಗಳಲ್ಲಿ ದೊಡ್ಡದು ಚನ್ನಗಿರಿಯ ಗೌರಮ್ಮ ಎಂಬುವವರ ವಧೂವರರ ಮಾಹಿತಿ ಕೇಂದ್ರ. ಎಲ್ಲರೂ ಅದನ್ನು ಬ್ಯೂರೋ ಎನ್ನುತ್ತಿದ್ದರು. ಹೊನ್ನಾಳಿಯ ಸ್ಟೇಷನರಿ ಅಂಗಡಿ, ನ್ಯಾಮತಿಯ ಬಳೆ ಅಂಗಡಿ, ಜಗಳೂರು ಬಸ್ ನಿಲ್ದಾಣದ ಝೆರಾಕ್ಸ್ ಅಂಗಡಿ ಅದರ ಶಾಖೆಗಳು. ಹೆತ್ತವರು ಅಲ್ಲಿಗೆ ಹೋಗಿ ಮಕ್ಕಳ ಹೆಸರು ಬರೆಸುತ್ತಿದ್ದರು. ಬರೆಸುವವರು ಹೆಸರು, ವಯಸ್ಸು, ಜಾತಿ ಹೇಳಿ ಉಳಿದದ್ದಕ್ಕೆ "ಎಲ್ಲಾ ಸರಿ ಐತ್ರಿ" ಎಂದುಬಿಡುತ್ತಿದ್ದ ಕಾರಣ ಸರ್ ಡೀಫಾಲ್ಟುಗಳನ್ನು ಧಾರಾಳವಾಗಿ ಇಟ್ಟಿದ್ದರು. ಬಣ್ಣ: ಗೋಧಿ. ಆಹಾರ: ಸಸ್ಯಾಹಾರ. ದುಶ್ಚಟ: ಇಲ್ಲ. ಹೆಣ್ಣಾದರೆ ಸ್ವಭಾವ: ಮೃದು, ಉದ್ಯೋಗ: ಮನೆಗೆಲಸ.

ಒಂದು ಮಧ್ಯಾಹ್ನ ನ್ಯಾಮತಿಯ ಕಡೆಯ ಕುಟುಂಬವೊಂದು ಬಾಡಿಗೆ ಕಾರು ಮಾಡಿಕೊಂಡು ನಮ್ಮ ಮಹಡಿಯ ಮೆಟ್ಟಿಲೇರಿ ಬಂದಿತು. ಮುಂದೆ ರುಮಾಲಿನ ಹಿರಿಯರು, ಹಿಂದೆ ಅವರ ಪತ್ನಿ, ಅವರ ಕೈಯಲ್ಲಿ ಬಾಳೆಹಣ್ಣಿನ ತಟ್ಟೆ. ಸರ್ ಎಗ್ ಪಫ್ ತಿನ್ನುತ್ತಿದ್ದರು.

"ಕುಮಾರ್ ಅವರು ಇದಾರೇನ್ರಿ?" ಎಂದು ಹಿರಿಯರು ವಿಚಾರಿಸಿದರು.

"ಯಾವ ಕುಮಾರ್?"

"ಇಪ್ಪತ್ತೈದು ವರ್ಷ, ಗೋಧಿ ಬಣ್ಣ, ಸಸ್ಯಾಹಾರಿ, ಯಾವ ಚಟಾನೂ ಇಲ್ಲ, ಒಬ್ಬನೇ ಮಗ. ಫೋನ್ ನಂಬರು ಇದೇ ಅಂಗಡೀದು ಕೊಟ್ಟಾರೆ. ಇಂಥ ಹುಡುಗ ಸಿಗಲ್ಲ ಅಂತ ನಾವೇ ಹುಡುಕ್ಕೊಂಡು ಬಂದ್ವಿ."

ಸರ್ ಪಫ್ಫನ್ನು ಕೀಬೋರ್ಡಿನ ಹಿಂದಕ್ಕೆ ಸರಿಸಿದರು. ಸಾಫ್ಟ್‌ವೇರ್ ಪರೀಕ್ಷಿಸಲೆಂದು ಅವರು ಒಬ್ಬ ವರನನ್ನು ಸೃಷ್ಟಿಸಿ, ಯಾವ ಗುಳಿಯನ್ನೂ ತುಂಬದೆ ಕೇಂದ್ರದ ನಂಬರು ಮಾತ್ರ ಕೊಟ್ಟಿದ್ದರು. ಹೆಸರಿಗೂ 'ಕುಮಾರ್' ಎಂಬ ಡೀಫಾಲ್ಟ್ ಇತ್ತು. ಪರೀಕ್ಷೆ ಮುಗಿದ ಮೇಲೆ ಅಳಿಸಲು ಮರೆತಿದ್ದರು.

"ಆ ಹುಡುಗ ಇಲ್ರಿ ಯಜಮಾನ್ರೆ."

"ಬೇರೆ ಕಡೆ ಹೆಣ್ಣು ಗೊತ್ತಾಗೋತಾ?"

"ಗೊತ್ತಾಗಾಕೆ ಅವನು ಹುಟ್ಟೇ ಇಲ್ರಿ."

ಹಿರಿಯರು ಸರ್ ಮುಖವನ್ನೂ, ಬೇರೆ ಬೇರೆ ಬಣ್ಣದ ತಲೆ ಮೀಸೆಗಳನ್ನೂ ನೋಡಿದರು. ಅವರ ಪತ್ನಿ, "ನಂಗೆ ಅವಾಗ್ಲೇ ಅನುಮಾನ ಇತ್ತು. ಅಷ್ಟೆಲ್ಲ ಸರಿಯಿರೋ ಗಂಡಸು ಎಲ್ಲಿರ್ತಾನೆ?" ಎಂದು ಬಾಳೆಹಣ್ಣಿನ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಹುಟ್ಟದವನಿಗೆ ತಂದದ್ದನ್ನು ವಾಪಸು ಒಯ್ಯುವುದು ಸರಿಯಲ್ಲವೆಂಬಂತೆ ಮೆಟ್ಟಿಲಿಳಿದು ಹೋದರು. ಸರ್ ಬಾಳೆಹಣ್ಣನ್ನೂ ಬಿಡಲಿಲ್ಲ. ಸಿಪ್ಪೆ ಸುಲಿಯುತ್ತ ಅವರು ನನಗೆ ಹೇಳಿದ ಮಾತು ನೆನಪಿದೆ: "ಕುಮಾರನಂಥ ಒಳ್ಳೆ ಹುಡುಗ ಇಡೀ ಜಿಲ್ಲೆಯಾಗೆ ಇಲ್ಲ ಕಣವ್ವಾ. ಯಾಕಂದ್ರೆ ಅವನನ್ನ ಯಾರೂ ಏನೂ ಕೇಳಿಲ್ಲ."

ಈ ಸುದ್ದಿ ಚನ್ನಗಿರಿಗೆ ತಲುಪಿ ಗೌರಮ್ಮನವರು ಖುದ್ದಾಗಿ ಬಂದರು. ಸರ್ ತಪ್ಪೊಪ್ಪಿಕೊಳ್ಳುವ ಜಾಯಮಾನದವರಲ್ಲ. ತಪ್ಪು ತಮ್ಮದಲ್ಲ, ಕೇಳದೆ ತುಂಬಿಸುವ ಪದ್ಧತಿಯದು ಎಂದು ಅವರು ಗೌರಮ್ಮನವರಿಗೇ ಪಾಠ ಪ್ರಾರಂಭಿಸಿದರು. ಇನ್ನು ಮುಂದೆ ಹುಡುಗ ಹುಡುಗಿಯರಿಗೇ ಫೋನ್ ಮಾಡಿ ವಿಚಾರಿಸಬೇಕು, 'ಷರತ್ತುಗಳು' ಎಂಬ ಹೊಸ ಗುಳಿಯೊಂದನ್ನು ಸೇರಿಸಬೇಕು ಎಂದರು.

"ಗಂಡಿನವರ್ದು ಷರತ್ತು ಇರ್ತೈತೆ, ಸರಿ. ಹೆಣ್ಣಿನವರ್ದು ಏನಿರ್ತೈತ್ರಿ ಸಾಬ್ರೇ? ಖಾಲಿ ಬಿಡ್ರಿ."

"ಅಕ್ಕೋರೆ, ಇಲ್ಲ ಅನ್ನೋದು ಬೇರೆ, ಕೇಳಿಲ್ಲ ಅನ್ನೋದು ಬೇರೆ. ಕಂಪ್ಯೂಟರಿಗೂ ಗೊತ್ತೈತೆ ಅದು."

"ನೀವು ನಿಮ್ಮ ಬೇಗಂನ ಯಾವತ್ತಾದ್ರೂ ಕೇಳಿದ್ರೇನು?"

ಸರ್ ಗೌರಮ್ಮನವರಿಗೆ ಟೀ ತರಿಸಿದರು. ಸಕ್ಕರೆ ಹಾಕಿಸಲೋ ಬೇಡವೋ ಎಂದು ಕೇಳಿ ತರಿಸಿದರು.

ಇಷ್ಟರಲ್ಲಿ ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ಅಪ್ಪ ನನಗೆ ತಿಳಿಸದೆ ಹೊನ್ನಾಳಿಯ ಸ್ಟೇಷನರಿ ಅಂಗಡಿಯಲ್ಲಿ ಅಕ್ಕನ ಹೆಸರು ಬರೆಸಿ ಬಂದಿದ್ದರು. ಅವಳು ಗಾಡಿ ಓಡಿಸುವ ಸಂಗತಿಯನ್ನು ಬಾಯಿ ಬಿಟ್ಟಿರಲಿಲ್ಲ. ಪ್ರೊಫೈಲಿನಲ್ಲಿ ನಮ್ಮ ಅಕ್ಕ, ಸ್ವಭಾವ: ಮೃದು, ಉದ್ಯೋಗ: ಮನೆಗೆಲಸ. ಜಗಳೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಂದು ಮನೆಯವರು ಇದನ್ನು ನೋಡಿ ಆಸಕ್ತಿ ತೋರಿಸಿದ್ದರು. ಮದುವೆಯಾದ ಮೇಲೆ ಗಾಡಿಯ ಮಾತೇ ಇಲ್ಲವೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. "ಲಗೇಜ್ ಗಾಡಿ ಓಡಿಸೋ ಹುಡುಗೀನ ಯಾರು ಮಾಡ್ಕೊಂತಾರೆ" ಎಂಬುದು ಅವರ ಚಿಂತೆ. ಅದು ಅನ್ಯಾಯದ ಚಿಂತೆಯೂ ಅಲ್ಲ. ಅದಕ್ಕೆ ಮೊದಲು ನೋಡಲು ಬಂದಿದ್ದವರು ಅಂಗಳದಲ್ಲಿ ನಿಂತ ಗಾಡಿಯನ್ನೂ, ಅದನ್ನು ಹಿಂದಕ್ಕೆ ತೆಗೆಯುತ್ತಿದ್ದ ಅಕ್ಕನನ್ನೂ ನೋಡಿ ನೀರನ್ನೂ ಕುಡಿಯದೆ ಹೋಗಿದ್ದರು. ಅಕ್ಕನಿಗೆ ಮದುವೆ ಬೇಡವಾಗಿರಲಿಲ್ಲ. ಗಾಡಿಯನ್ನು ಬಿಟ್ಟುಕೊಡುವುದು ಬೇಡವಾಗಿತ್ತು. ಯಾರೂ ಕೇಳದಿದ್ದ ಕಾರಣ ಅವಳೂ ಹೇಳಿರಲಿಲ್ಲ.

ಫೋನ್ ಮಾಡಿ ವಿಚಾರಿಸುವ ಕೆಲಸವನ್ನು ಸರ್ ನನಗೆ ವಹಿಸಿದರು. ಅಪರಿಚಿತರೊಡನೆ ಫೋನಿನಲ್ಲಿ ಮಾತನಾಡುವುದೆಂದರೆ ನನಗೆ ಭಯ. ಕೇಳಬೇಕಾದ ಪ್ರಶ್ನೆಗಳನ್ನು ಶುದ್ಧವಾಗಿ ಬರೆದುಕೊಂಡು, ಅಭ್ಯಾಸಕ್ಕಾಗಿ ಪರಿಚಿತರಿಂದ ಪ್ರಾರಂಭಿಸೋಣವೆಂದು ಮೊದಲ ಕರೆಯನ್ನು ಅಕ್ಕನಿಗೇ ಮಾಡಿದೆ. ಸರ್ ಸ್ಪೀಕರ್ ಹಾಕಿಸಿ ಎದುರಿಗೆ ಕುಳಿತರು.

"ನಮಸ್ಕಾರ. ತಾವು ನಮ್ಮ ಕೇಂದ್ರದಲ್ಲಿ ವಧುವಾಗಿ ನೋಂದಾಯಿಸಿಕೊಂಡಿದ್ದೀರಿ. ತಮ್ಮ ಷರತ್ತುಗಳೇನಾದರೂ ಇದ್ದಲ್ಲಿ ದಯವಿಟ್ಟು ತಿಳಿಸಬೇಕು."

ಆ ಕಡೆಯಿಂದ ಹಾರ್ನ್ ಕೇಳಿಸಿತು. "ಏನೇ, ಜ್ವರ ಗಿರ ಬಂದೈತೇನೇ ನಿಂಗೆ?"

"ಇದು ಅಧಿಕೃತ ಕರೆ. ತಮ್ಮ ಷರತ್ತು."

"ಲೇ, ನಾನು ಗಾಡಿ ಮೇಲೆ ಟೊಮೊಟೊ ಏರಿಸಾಕೆ ಹತ್ತೀನಿ. ಷರತ್ತಂತೆ ಷರತ್ತು."

ಸರ್ ಮುಂದಕ್ಕೆ ಬಗ್ಗಿದರು. "ನೋಡವ್ವಾ, ನಾನು ನಿನ್ನ ತಂಗಿಯ ಮೇಷ್ಟ್ರು. ಬೇಕಾದ್ದು ಹೇಳು. ಹೇಳದಿದ್ರೆ ಏನೂ ಬೇಡ ಅಂತ ಬರ್ಕೊಂತೈತೆ ಇದು."

ಆ ಕಡೆ ಇಂಜಿನ್ನಿನ ಸದ್ದು ನಿಂತಿತು. ಅವಳು ಗಾಡಿ ಆಫ್ ಮಾಡಿದ್ದಳು.

"ಹಂಗಾದ್ರೆ ಬರ್ಕೊಳ್ರಿ ಸಾರ್. ಮದ್ವೆ ಆದ್ಮೇಲೂ ಲಗೇಜ್ ಗಾಡಿ ಓಡಿಸಾಕೆ ಬಿಡಬೇಕು. ಬಿಡಲ್ಲ ಅನ್ನೋರು ಬರೋದೇ ಬ್ಯಾಡ. ಇದನ್ನ ನಮ್ಮಪ್ಪನ ಮುಂದೆ ಹೇಳಾಕೆ ಆಗಿಲ್ಲ ನಂಗೆ. ನೀವು ಕೇಳಿದ್ರಿ ಅಂತ ಹೇಳ್ದೆ."

ಅಪ್ಪನ ಮುಖ ನೆನೆದು ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಸರ್ ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಟೈಪು ಮಾಡಿದರು. ಅಂದಿನ ಉಳಿದ ಕರೆಗಳಲ್ಲಿ ಹುಡುಗಿಯರು "ಏನಿಲ್ರಿ" ಎಂದರು, ಇಲ್ಲವೇ ಫೋನನ್ನು ಅಪ್ಪಂದಿರ ಕೈಗೆ ಕೊಟ್ಟರು. ಒಬ್ಬಾಕೆ ಮಾತ್ರ, "ನಂಗೇ ಕೇಳ್ತಿದೀರಾ?" ಎಂದು ಖಚಿತಪಡಿಸಿಕೊಂಡು, ಯೋಚಿಸಿ ಹೇಳುತ್ತೇನೆಂದು ಇಟ್ಟಳು.

ಈಗ ಸರ್ ಮಾಡಿದ ಘನಕಾರ್ಯವನ್ನು ವಿವರಿಸಬೇಕು. ಸ್ವಲ್ಪ ತಾಂತ್ರಿಕವಾಗಿರುವುದಕ್ಕೆ ಕ್ಷಮೆಯಿರಲಿ.

ವಯಸ್ಸು ಒಂದು ಸಂಖ್ಯೆ. ಷರತ್ತುಗಳು ಹಾಗಲ್ಲ, ಎಷ್ಟು ಬೇಕಾದರೂ ಇರಬಹುದು. ಆದ್ದರಿಂದ ಅದಕ್ಕೆ ಒಂದು ಚೀಲ ಬೇಕು. ಏನೂ ಹೇಳದವರಿಗೆ ಡೀಫಾಲ್ಟ್ ಆಗಿ ಖಾಲಿ ಚೀಲ. ಇಲ್ಲಿಯೇ ಹೊಸಬರು ಬೀಳುವ ಹಳ್ಳವಿದೆ. ಅಜಾಗರೂಕತೆಯಿಂದ ಬರೆದರೆ ಪ್ರತಿಯೊಬ್ಬರಿಗೂ ಹೊಸ ಚೀಲ ಸಿಗುವುದಿಲ್ಲ, ಎಲ್ಲರ ಕೈಗೂ ಒಂದೇ ಚೀಲದ ಹಿಡಿ ಸಿಗುತ್ತದೆ. ಒಬ್ಬರು ಒಳಗೆ ಏನು ಹಾಕಿದರೂ ಎಲ್ಲರ ಚೀಲದಲ್ಲೂ ಕಾಣುತ್ತದೆ. ಇದು ಅಪಾಯವೆಂದು ಡೇಟಾ ಕ್ಲಾಸ್ ತಾನೇ ತಡೆಯುತ್ತದೆ. ಖಾಲಿ ಚೀಲವನ್ನು ನೇರವಾಗಿ ಡೀಫಾಲ್ಟ್ ಮಾಡಿದರೆ ದೋಷವೆಂದು ತೋರಿಸಿ ನಿಂತುಬಿಡುತ್ತದೆ. ಚೀಲ ಕೊಡಬೇಡ, ಕೇಳಿದಾಗಲೆಲ್ಲ ಹೊಸ ಚೀಲ ಹೊಲಿದುಕೊಡುವ ದರ್ಜಿಯನ್ನು ಕೊಡು ಎಂಬುದು ಅದರ ಬೇಡಿಕೆ. ಈ ಪಾಠವನ್ನು ಸರ್ ಪ್ರತಿ ತಂಡಕ್ಕೂ ಮೇಜು ಕುಟ್ಟಿ ಹೇಳುತ್ತಿದ್ದರು. ತಪ್ಪು ಮಾಡಿದವರನ್ನು ನಿಲ್ಲಿಸಿ, "ನಿಮ್ಮ ಮನೆಯಾಗೆ ಎಲ್ರಿಗೂ ಒಂದೇ ಟೂತ್‌ಬ್ರಷ್ಷೇನ್ರಿ?" ಎಂದು ವಿಚಾರಿಸುತ್ತಿದ್ದರು.

ಅಂಥವರು ತಾವೇ ಬರೆಯುವಾಗ, ಜಗಳೂರಿನ ಬಸ್ಸಿಗೆ ಹೊತ್ತಾಗಿತ್ತೆಂಬ ಕಾರಣಕ್ಕೆ, ಮೊದಲೇ ಒಂದೇ ಒಂದು ಚೀಲ ಹೊಲಿದಿಟ್ಟು, ಯಾರು ಬಂದು ಕೇಳಿದರೂ ಅದನ್ನೇ ಎತ್ತಿ ಕೊಡುವ ದರ್ಜಿಯೊಬ್ಬನನ್ನು ನಿಲ್ಲಿಸಿದ್ದರು. ದರ್ಜಿ ಇದ್ದಾನಲ್ಲ ಎಂದು ಡೇಟಾ ಕ್ಲಾಸ್ ಸುಮ್ಮನಾಯಿತು. ಬ್ಯೂರೋದಲ್ಲಿ ಅಲ್ಲಿಯವರೆಗೆ ಯಾವ ಹುಡುಗಿಯೂ ಯಾವ ಷರತ್ತನ್ನೂ ಹೇಳಿರದ ಕಾರಣ ಎಲ್ಲರ ಕೈಯಲ್ಲೂ ಆ ಡೀಫಾಲ್ಟ್ ಚೀಲವೇ ಇತ್ತು. ಅದರೊಳಗೆ ಮೊದಲ ಬಾರಿಗೆ ಏನನ್ನಾದರೂ ಹಾಕಿದವಳು ನಮ್ಮ ಅಕ್ಕ.

ಮರುದಿನ ಚನ್ನಗಿರಿಯೂ ಸೇರಿ ನಾಲ್ಕೂ ಊರುಗಳಿಂದ ಪ್ರೊಫೈಲುಗಳು ಹೊರಬಿದ್ದವು. ಪ್ರತಿಯೊಬ್ಬ ವಧುವಿನ ಕೆಳಗೂ ಒಂದೇ ಷರತ್ತು: ಮದುವೆಯ ನಂತರವೂ ಲಗೇಜ್ ಗಾಡಿ ಓಡಿಸಲು ಬಿಡಬೇಕು. ಬಿಡುವುದಿಲ್ಲ ಎನ್ನುವವರು ಬರುವುದೇ ಬೇಡ.

ನಲ್ಲೂರಿನ ಶಾಲಾ ಶಿಕ್ಷಕಿಗೂ ಅದೇ. ನ್ಯಾಮತಿಯ ಬಂಗಾರದಂಗಡಿಯವರ ಮಗಳಿಗೂ ಅದೇ. ಗೌರಮ್ಮನವರ ಸ್ವಂತ ತಂಗಿಯ ಮಗಳು, ಮೊಪೆಡ್ ಕಂಡರೆ ಹೆದರುವವಳು, ಅವಳಿಗೂ ಅದೇ. ಗಂಡಿನ ಕಡೆಯವರ ಫೋನುಗಳು ಒಂದರ ಮೇಲೊಂದು ಬಂದವು. "ಈಗಿನ ಹುಡುಗೇರು ಏನ್ ಸಂಘ ಕಟ್ಕೊಂಡಾರೇನ್ರಿ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಕಾರಾದರೆ ಆಗಬಹುದೇ, ಲಗೇಜ್ ಗಾಡಿಯೇ ಬೇಕೇ ಎಂದು ಚೌಕಾಸಿಗೆ ಇಳಿದರು. ಗೌರಮ್ಮನವರು ಮಾತ್ರ ಒಂದೇ ಮಾತು ಹೇಳಿದರು: "ಸಾಬ್ರೇ, ಇದನ್ನ ಇವತ್ತೇ ತೆಗೀಬೇಕು."

"ತೆಗೀತೀನಿ ಅಕ್ಕೋರೆ, ದೊಡ್ಡ ಕೆಲಸ ಅದು. ಸರ್ವರ್ರು, ನೆಟ್‌ವರ್ಕು ಎಲ್ಲಾ ನೋಡಬೇಕು."

ಅದು ಒಂದು ಸಾಲಿನ ಕೆಲಸವೆಂದು ನನಗೂ ಗೊತ್ತಿತ್ತು. ನಾನು ಮಾಡಿಕೊಡಲೇ ಎಂದು ಕೇಳಿದ್ದಕ್ಕೆ, "ಕೂತ್ಕೊಳವ್ವಾ, ಅವಸರ ಏನೈತೆ?" ಎಂದರು. ಅವರು ಅದನ್ನು ತಿದ್ದಿದ್ದು ಮುಂದಿನ ವಾರ. ಅಕ್ಕನಿಗಾಗಿ ಬೇಕೆಂದೇ ತಡಮಾಡಿದರು ಎಂದು ಸಂತಾಪ ಸಭೆಯಲ್ಲಿ ಹೇಳಿದ್ದರೆ ಬಹಳ ಚಪ್ಪಾಳೆ ಬೀಳುತ್ತಿತ್ತು. ನಾನು ಅವರೊಡನೆ ಕೆಲಸ ಮಾಡಿದವಳು. ಅದು ಸೋಮಾರಿತನವೆಂದೇ ನನ್ನ ಅಭಿಪ್ರಾಯ.

ಆ ವಾರದೊಳಗೆ ಜಗಳೂರಿನ ಗಿರಣಿಯವರು ಅಕ್ಕನನ್ನು ನೋಡಲು ಬಂದರು. ಅಪ್ಪ ಗಾಡಿಯನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಮೇಲೆ ತಾಡಪಾಲು ಹೊದಿಸಿದ್ದರು. ಪ್ರೊಫೈಲಿನಲ್ಲಿ ಏನು ಅಚ್ಚಾಗಿದೆಯೆಂದು ಅವರಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗೂ ಅಕ್ಕನಿಗೂ ಬಂದಿರಲಿಲ್ಲ. ಹುಡುಗ ಮಾತಿಲ್ಲದವನು, ಕುಳಿತಲ್ಲೇ ಅಂಗಿಯ ತೋಳಿಗಂಟಿದ ಹಿಟ್ಟು ಕೊಡವಿಕೊಳ್ಳುತ್ತಿದ್ದ. ಗಿರಣಿ ನಡೆಸುವವರು ಅವನ ತಾಯಿ ಎಂಬುದು ಒಳಗೆ ಬಂದ ಕ್ಷಣದಲ್ಲಿಯೇ ತಿಳಿಯುತ್ತಿತ್ತು. ಅಕ್ಕ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಾಗ ಆ ತಾಯಿ ಅವಳ ಮುಖ ನೋಡಲಿಲ್ಲ, ಕೈಗಳನ್ನು ನೋಡಿದರು.

"ಎಡಗೈ ಬೆಳ್ಳಗೈತೆ. ಬಲಗೈ ಯಾಕವ್ವಾ ಹಿಂಗೆ ಸುಟ್ಟೈತೆ?"

"ಅದು, ಒಲೆ ಮುಂದೆ," ಎಂದು ಅಪ್ಪ ತೊದಲಿದರು.

"ನಾನು ಹುಡುಗೀನ ಕೇಳಿದ್ದು ಅಣ್ಣಾರೆ."

ಅಕ್ಕ ತಟ್ಟೆಯನ್ನು ಕೆಳಗಿಟ್ಟಳು. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು. "ಗಾಡಿ ಓಡಿಸ್ತೀನ್ರಿ," ಎಂದಳು. "ಬಲಗೈ ಕಿಟಕಿ ಕಡೆ ಇರ್ತೈತೆ, ಬಿಸಿಲು ಬಡೀತೈತೆ. ಮದ್ವೆ ಆದ್ಮೇಲೂ ಓಡಿಸ್ತೀನಿ. ನಿಮಗೆ ಆಗಲ್ಲ ಅಂದ್ರೆ ಕಾಫಿ ಕುಡಿದು ಹೋಗ್ರಿ, ಬೇಜಾರಿಲ್ಲ."

ಒಳಗಿನಿಂದ ಅಮ್ಮ ಪಾತ್ರೆಯೊಂದನ್ನು ಬೀಳಿಸಿದ ಸದ್ದಾಯಿತು. ಹುಡುಗನ ತಾಯಿ ಮಾತ್ರ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಗೊತ್ತೈತೆ ಕೂತ್ಕೋ. ಬ್ಯೂರೋದಾಗೆ ಈಗ ಎಲ್ಲಾ ಹುಡುಗೇರ್ದೂ ಅದೇ ಷರತ್ತಂತೆ. ಕಾಲ ಹಂಗೆ ಬಂದೈತೆ, ಆಗ್ಲಿ ಬಿಡು ಅಂತ ನಾವೂ ಮನಸ್ಸು ಮಾಡಿದ್ವಿ. ನಮಗೂ ಹಿಟ್ಟಿನ ಚೀಲ ಹಳ್ಳಿಗೆ ಮುಟ್ಸಾಕೆ ಗಾಡಿ ಬೇಕಾಗೈತೆ. ಈ ವಾರ ಮೂರು ಮನೆ ನೋಡ್ಕೊಂಡು ಬಂದ್ವಿ. ಎಲ್ರೂ ಗಾಡಿ ಓಡಿಸಾಕೆ ಬಿಡಬೇಕು ಅಂತ ಬರೆಸ್ಯಾರೆ. ಕ್ಲಚ್ ಯಾವ ಕಾಲಾಗೆ ಒತ್ತಬೇಕು ಅಂತ ಕೇಳಿದ್ರೆ ಒಬ್ಬಳಿಗೂ ಗೊತ್ತಿಲ್ಲ. ಪಾಪ, ಒಬ್ಬಾಕಿ ಅಳಾಕೆ ಶುರು ಮಾಡಿದ್ಲು." ಅವರು ಮಗನ ಕಡೆಗೆ ತಿರುಗಿದರು. "ಖರೇ ಓಡಿಸಾಕಿ ಇವಳೊಬ್ಬಳೇ ನೋಡು. ಏನಂತೀಯ?"

ಹುಡುಗ ಮೊದಲ ಬಾರಿಗೆ ಬಾಯಿ ತೆರೆದು, "ರಿವರ್ಸ್ ಸಲೀಸಾಗಿ ಬರ್ತೈತಾ?" ಎಂದು ಅಕ್ಕನನ್ನು ಕೇಳಿದ. ನಮ್ಮ ಮನೆಗೆ ಬಂದ ಗಂಡುಗಳಲ್ಲಿ ಅಕ್ಕನಿಗೆ ನೇರವಾಗಿ ಪ್ರಶ್ನೆ ಹಾಕಿದವನು ಅವನೊಬ್ಬನೇ. ಅಕ್ಕ ಹಿಂದಿನ ಬೀದಿಗೆ ಹೋಗಿ, ತಾಡಪಾಲು ತೆಗೆದು, ಗಾಡಿಯನ್ನು ಸಂದಿಯೊಳಗಿಂದ ಹಿಮ್ಮುಖವಾಗಿಯೇ ಅಂಗಳದವರೆಗೆ ತಂದು ನಿಲ್ಲಿಸಿದಳು.

ಅಕ್ಕನ ಮದುವೆಗೆ ಸರ್ ಬಂದಿದ್ದರು. ತಲೆಗೂ ಮೀಸೆಗೂ ಅಂದು ಒಂದೇ ಬಣ್ಣವಿತ್ತು. ನಡೆದದ್ದೆಲ್ಲ ತಮ್ಮ ದೂರಾಲೋಚನೆಯ ಫಲವೆಂದು ಸಿಕ್ಕವರಿಗೆಲ್ಲ ವಿವರಿಸುತ್ತಿದ್ದರು. ಎಲೆಯ ಮೇಲೆ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತಿದ್ದಾಗ ನಾನು ಹೋಗಿ ಎದುರಿಗೆ ನಿಂತೆ.

"ನಾನು ಬೇಡ ಅಂದಿಲ್ಲ, ಅವರು ಬಡಿಸಿದ್ರು," ಎಂದರು.

"ಬೇಕೇ ಬೇಡವೇ ಎಂದು ನಾನು ಈಗ ಕೇಳುತ್ತಿದ್ದೇನೆ ಸರ್."

ಅವರು ನನ್ನನ್ನೂ ಹೋಳಿಗೆಯನ್ನೂ ನೋಡಿದರು. "ಕಲಿಸಬಾರದಿತ್ತು ನಿಂಗೆ," ಎಂದು ಎಲೆ ಮಡಿಚಿದರು. ಅವರ ಬೇಗಂ ಪಕ್ಕದ ಸಾಲಿನಿಂದ ಇದನ್ನು ನೋಡಿ ನಕ್ಕದ್ದು ನನಗೆ ಕಾಣಿಸಿತು.

ನಾನು ಬರೆದದ್ದರಲ್ಲಿ ಅವರು ಸಜ್ಜನರಾಗಿಯೇನೂ ಕಾಣುತ್ತಿಲ್ಲವೆಂದು ನನಗೆ ಅಳುಕಿದೆ. ಆದರೆ ಅವರ ಗುಳಿಗಳನ್ನು ಖಾಲಿ ಬಿಟ್ಟು, ತಾನಾಗಿ ಬರುವ ಮಾತುಗಳಿಂದ ತುಂಬಿಸಿದ್ದರೆ ಅವರೂ ಕುಮಾರನಂತೆ ಆಗಿಬಿಡುತ್ತಿದ್ದರು. ಅಷ್ಟು ಒಳ್ಳೆಯವರೆಂದು ಅವರನ್ನು ಅವಮಾನಿಸುವ ಮನಸ್ಸು ನನಗಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಹೇಳಿ ಮುಗಿಸುತ್ತೇನೆ. ಅಕ್ಕ ಜಗಳೂರಿಗೆ ಹೋದಳು, ಗಾಡಿಯೂ ಅವಳೊಡನೆ ಹೋಯಿತು. ಈಗ ಅವಳು ಹಿಟ್ಟು, ಶೇಂಗಾ, ಸಂತೆಯ ದಿನ ಕುರಿಗಳನ್ನು ಸಾಗಿಸುತ್ತಾಳೆ. ನಮ್ಮ ಮನೆ ನನ್ನ ಸಂಬಳದಲ್ಲಿ ನಡೆಯುತ್ತದೆ. ಕೇಂದ್ರ ಮುಚ್ಚಿದ ಮೇಲೆ ಸರ್ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳುತ್ತಿದ್ದೇನೆ. ಅಪ್ಪ ನನ್ನ ಹೆಸರನ್ನು ಬ್ಯೂರೋದಲ್ಲಿ ಬರೆಸುವ ಮೊದಲು ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದರು. ಸದ್ಯಕ್ಕೆ ಬೇಡ ಎಂದೆ. ಬರೆಸಲಿಲ್ಲ. ಸೊಂಟದ ನೋವು ಕಡಿಮೆಯಿರುವ ದಿನ ಬೆಳಗಿನ ಟೀಯನ್ನು ಈಗ ಅವರೇ ಕಾಯಿಸುತ್ತಾರೆ. ಮೊದಲ ದಿನ ಕಾಯಿಸುವಾಗ ಒಳಗಿನಿಂದಲೇ, "ಸಕ್ಕರೆ ಎಷ್ಟು ಹಾಕ್ಲಿ?" ಎಂದು ಅಮ್ಮನನ್ನು ಕೇಳಿದರು. ಸಕ್ಕರೆ ಹಾಕಿದ ಟೀ ಅಮ್ಮನಿಗೆ ಮೊದಲಿನಿಂದಲೂ ಸೇರುವುದಿಲ್ಲವೆಂದು ನಮಗೆ ತಿಳಿದದ್ದು ಅಂದು.